ಕಾರಣ ಕಕ್ಷದ ಶಿವಪುತ್ರಪ್ಪ

ಪುಣೆಯ ಹಿಂಜವಾಡಿ ರಸ್ತೆಯಲ್ಲಿರುವ ಸುಖಾಗಮನ ಹೆರಿಗೆ ಆಸ್ಪತ್ರೆಯಲ್ಲಿ ವೈದ್ಯಕೀಯ ಕಾರಣವಿಲ್ಲದೆ ಯಾರ ಹೊಟ್ಟೆಯನ್ನೂ ಕೊಯ್ಯುವುದಿಲ್ಲ. ಈ ಮಾತನ್ನು ಮುಂಬಾಗಿಲ ಗಾಜಿನ ಮೇಲೆ ಮೂರು ಭಾಷೆಗಳಲ್ಲಿ ಬರೆಸಲಾಗಿದೆ. ಅಲ್ಲಿ ದಾಖಲಾಗುವ ನೂರು ಹೆರಿಗೆಗಳಲ್ಲಿ ತೊಂಬತ್ತಾರು ಸಿಸೇರಿಯನ್ ಆಗುತ್ತವೆಂದರೆ, ಅಷ್ಟು ಮಂದಿಗೆ ಕಾರಣ ಸಿಕ್ಕಿತೆಂದೇ ತಿಳಿಯಬೇಕು. ಉಳಿದ ನಾಲ್ವರು ವಾಹನಗಳ ನಡುವೆ ಸಿಕ್ಕಿಬಿದ್ದು, ಆಸ್ಪತ್ರೆ ಮುಟ್ಟುವ ಮೊದಲೇ ರಿಕ್ಷಾದಲ್ಲಿ ಹೆತ್ತವರು. ಅವರ ವಿಷಯದಲ್ಲಿ ಆಡಳಿತ ಮಂಡಳಿ ವಿಷಾದ ವ್ಯಕ್ತಪಡಿಸಿದೆ.

ಕಾರಣ ಬರೆಯುವುದಕ್ಕೆಂದೇ ಅಲ್ಲಿ ಒಬ್ಬ ಮನುಷ್ಯನನ್ನು ನೇಮಿಸಿದ್ದಾರೆ. ಹೆಸರು ಶಿವಪುತ್ರಪ್ಪ. ಸಿಂದಗಿ ಕಡೆಯವರು. ಪ್ರಾಯದಲ್ಲೇ ಪುಣೆಗೆ ಬಂದು ಶಿವಾಜಿನಗರದ ಒಬ್ಬ ಹಿರಿಯ ವಕೀಲರ ಬಳಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದವರು. ತಾರೀಖು ಮುಂದಕ್ಕೆ ಹಾಕಿಸುವ ಅರ್ಜಿ ಬರೆಯುವುದೇ ಅವರ ಕೆಲಸವಾಗಿತ್ತು. ವಕೀಲರು ತೀರಿಕೊಂಡ ಮೇಲೂ ಆರು ತಿಂಗಳು ಅವರ ಕೇಸುಗಳು ಮುಂದಕ್ಕೆ ಹೋಗುತ್ತಲೇ ಇದ್ದವೆಂದರೆ ಶಿವಪುತ್ರಪ್ಪನವರ ಕೈ ಎಂಥದೆಂದು ಊಹಿಸಿಕೊಳ್ಳಬಹುದು.

ಆಸ್ಪತ್ರೆಗೆ ಅಂಥ ಮನುಷ್ಯ ಬೇಕಾದದ್ದು ಒಂದು ವಿಮಾ ಕಂಪನಿಯ ಪತ್ರದಿಂದ. ಒಂದೇ ತಿಂಗಳಲ್ಲಿ ಬಂದ ನಲವತ್ತೆರಡು ಕಡತಗಳಲ್ಲೂ 'ಹೊಕ್ಕುಳಬಳ್ಳಿ ಮಗುವಿನ ಕೊರಳಿಗೆ ಸುತ್ತಿದೆ' ಎಂಬ ಒಂದೇ ಕಾರಣ ಬರೆದದ್ದನ್ನು ಕಂಪನಿ ಗಮನಿಸಿತ್ತು. ಅವುಗಳಲ್ಲಿ ಒಂದು ಕಡತ ಹರ್ನಿಯಾ ಆಪರೇಷನ್ ಮಾಡಿಸಿಕೊಂಡ ಅರವತ್ತು ವರ್ಷದ ಗಂಡಸಿನದು. ಇನ್ನು ಮುಂದೆ ಪ್ರತಿ ಆಪರೇಷನ್ನಿಗೂ ಬೇರೆ ಬೇರೆ ಕಾರಣ, ಅದೂ ಆಪರೇಷನ್ನಿಗೆ ಮುಂಚೆ, ಕಂಪ್ಯೂಟರಿನಲ್ಲಿ ದಾಖಲಾಗಬೇಕು. ದಾಖಲಿಸಿದ ಅಧಿಕಾರಿಯ ಮೊಬೈಲಿಗೆ ಒಟಿಪಿ ಬರುತ್ತದೆ. ಅದನ್ನು ಒತ್ತಿದ ನಂತರವೇ ಮಂಜೂರಾತಿ ಎಂದು ಕಂಪನಿ ತಿಳಿಸಿತು.

ಆಸ್ಪತ್ರೆಯ ಮ್ಯಾನೇಜರು ಕುಶಲ ಶೆಟ್ಟರು. ಉಡುಪಿ ಕಡೆಯವರು, ಮೊದಲು ಹದಿನಾಲ್ಕು ವರ್ಷ ಒಂದು ಹೋಟೆಲು ನಡೆಸಿದವರು. ಸಂದರ್ಶನ ಅವರೇ ಮಾಡಿದರು.

"ವಕೀಲರ ಅಜ್ಜಿ ಸತ್ತರು ಅಂತ ಎಷ್ಟು ಸಲ ಬರೆದಿದ್ದೀರಿ?"

"ನಾಕು ಸಲರಿ."

"ಒಂದೇ ಅಜ್ಜಿ ನಾಲ್ಕು ಸಲವಾ?"

"ಛೇ, ಹಂಗ ಬರಿಯೂದಿಲ್ರಿ. ನಾಕು ಬ್ಯಾರೆ ಬ್ಯಾರೆ ಅಜ್ಜಿ. ಸೋದರತ್ತಿ ಕಡೀದು ಒಂದು, ಚಿಗವ್ವನ ಕಡೀದು ಒಂದು. ಒಮ್ಮೆ ಬರದ ಕಾರಣ ಎರಡನೇ ಸಲ ಬರದವ ಅಲ್ಲರಿ ನಾ."

"ನಾಳೆಯಿಂದಲೇ ಬನ್ನಿ ಮಾರಾಯ್ರೆ," ಅಂದರು ಶೆಟ್ಟರು.

ಮೆಟ್ಟಿಲ ಕೆಳಗಿನ ಖೋಲಿಗೆ 'ಕಾರಣ ಕಕ್ಷ' ಎಂಬ ಹಲಗೆ ಬಿತ್ತು. ಶಿವಪುತ್ರಪ್ಪ ಹಳೆಯ ಪ್ರಸೂತಿ ಪುಸ್ತಕಗಳನ್ನು ರದ್ದಿ ಅಂಗಡಿಯಿಂದ ತಂದು ಶಬ್ದಕೋಶ ಇಟ್ಟುಕೊಂಡು ಓದಿದರು. ಒಂದು ದಪ್ಪ ವಹಿಯಲ್ಲಿ ಕಾರಣಗಳನ್ನೆಲ್ಲ ಬರೆದು ವಾರಕ್ಕೆ ಹಂಚಿದರು. ಸೋಮವಾರ ಹೊಕ್ಕುಳಬಳ್ಳಿ. ಮಂಗಳವಾರ ರಕ್ತದೊತ್ತಡ. ಬುಧವಾರ ಮಗುವಿನ ತಲೆ ದೊಡ್ಡದು ಅಥವಾ ತಾಯಿಯ ಸೊಂಟ ಸಣ್ಣದು. ಎರಡೂ ಒಂದೇ ದಿನ ಬಂದರೆ ಒಂದನ್ನು ಶುಕ್ರವಾರಕ್ಕೆ ಎತ್ತಿಡುವುದು. ಗುರುವಾರ ಗರ್ಭದ ನೀರು ಕಡಿಮೆ. ಮಳೆಗಾಲದಲ್ಲಿ ನೀರು ಕಡಿಮೆ ಎಂದು ಬರೆದರೆ ಅನುಮಾನ ಬರಬಹುದೆಂದು ಜೂನಿನಿಂದ ಸೆಪ್ಟೆಂಬರಿನವರೆಗೆ ಗುರುವಾರದ ಕಾರಣ ಬದಲಾಗುತ್ತಿತ್ತು. ವಿಮಾ ಕಂಪನಿಯಿಂದ ಮತ್ತೆ ಒಂದು ಪತ್ರವೂ ಬರಲಿಲ್ಲ. ನರ್ಸುಗಳು ಅವರನ್ನು ಪ್ರೀತಿಯಿಂದ 'ಕಾರಣ ಕಾಕಾ' ಎಂದು ಕರೆಯತೊಡಗಿದರು.

ಒಂದು ಮಾತನ್ನು ಇಲ್ಲಿ ಮುಚ್ಚಿಡಬಾರದು. ಒಂದು ದಿನ ಚಾಕಣದಿಂದ ಒಬ್ಬ ಹೆಣ್ಣುಮಗಳು ರಕ್ತದಲ್ಲಿ ನೆನೆದು ಬಂದಳು. ಹೊಕ್ಕುಳಬಳ್ಳಿ ಅಂಟಿರುವ ಮಾಸು ಗರ್ಭದ ಬಾಯಿಗೇ ಅಡ್ಡ ಕೂತಿತ್ತು. ಆಸ್ಪತ್ರೆಯ ಒಡತಿ ಡಾಕ್ಟರ್ ನೀಲಿಮಾ ಮೇಡಂ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿದರು. ಶಿವಪುತ್ರಪ್ಪ ವಹಿ ತೆಗೆದು, ಕನ್ನಡಕ ಒರೆಸಿ, ಇವತ್ತು ಯಾವ ವಾರ ಎಂದು ನೋಡುವಷ್ಟರಲ್ಲಿ ಮಗು ಹೊರಗೆ ಬಂದು ಅಳುತ್ತಿತ್ತು, ತಾಯಿ ಉಳಿದಿದ್ದಳು. ಒಟಿಪಿ ಆಮೇಲೆ ಬಂತು. ನಿಜವಾದ ಕಾರಣ ಕೂಗುತ್ತಲೇ ಬರುತ್ತದೆ, ಅದಕ್ಕೆ ಗುಮಾಸ್ತ ಬೇಕಾಗುವುದಿಲ್ಲ ಎಂಬುದು ಅವತ್ತು ಅವರ ತಲೆಗೆ ಹೊಕ್ಕಿತು. ಆದರೆ ತಿಂಗಳಿಗೆ ಅಂಥವು ಐದೋ ಆರೋ. ಉಳಿದವು ಅವರ ಖೋಲಿಯಲ್ಲೇ ಹುಟ್ಟಬೇಕಾಗಿತ್ತು.

ಹೀಗಿರುವಾಗ ಅವರ ಒಬ್ಬಳೇ ಮಗಳು ರೇಣು ಬಸುರಾದಳು.

ರೇಣುವಿನ ಗಂಡ ಮಾಂತು ಚಾಕಣದ ಒಂದು ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಸೂಪರ್‌ವೈಸರು. ಅವನ ಕಂಪನಿಯ ವಿಮೆ ಸುಖಾಗಮನದಲ್ಲಿ ನಡೆಯುತ್ತಿತ್ತು, ಮೇಲಾಗಿ ಸಿಬ್ಬಂದಿಯ ಮನೆಯವರಿಗೆ ರಿಯಾಯಿತಿ. ಆದ್ದರಿಂದ ಅವಳ ಹೆಸರೂ ಅಲ್ಲೇ ನೋಂದಣಿಯಾಯಿತು. ಏಳನೇ ತಿಂಗಳಲ್ಲಿ ಮಗು ದೊಡ್ಡದಿದೆ, ಸಿಸೇರಿಯನ್ ಬೇಕಾಗಬಹುದು ಅಂದರು. ಎಂಟನೇ ತಿಂಗಳಲ್ಲಿ ಮಗು ಸಣ್ಣದಿದೆ, ಸಿಸೇರಿಯನ್ ಬೇಕಾಗಬಹುದು ಅಂದರು. ಒಂಬತ್ತರಲ್ಲಿ ಮಗು ಎಷ್ಟಿರಬೇಕೋ ಅಷ್ಟೇ ಇದೆ, ಇಂಥ ಒಳ್ಳೆ ಮಗುವನ್ನು ಅಪಾಯಕ್ಕೆ ಒಡ್ಡುವುದು ಸರಿಯಲ್ಲ, ಸಿಸೇರಿಯನ್ನೇ ಆಗಲಿ ಅಂದರು. ಮಾಂತುವಿನ ತಾಯಿ ಪಂಚಾಂಗ ತೋರಿಸಿಕೊಂಡು ಬಂದು ಗುರುವಾರ ಹನ್ನೊಂದು ಇಪ್ಪತ್ತರ ಮುಹೂರ್ತ ತಿಳಿಸಿದರು. ಮಾಂತು ಗುರುವಾರದಿಂದ ಶನಿವಾರದವರೆಗೆ ರಜೆ ಮಂಜೂರು ಮಾಡಿಸಿಕೊಂಡ. ನೀಲಿಮಾ ಮೇಡಂ ಅವರಿಗೆ ಅದೇ ದಿನ ಎರಡೂವರೆಯ ವಿಮಾನದಲ್ಲಿ ಗೋವಾಕ್ಕೆ ಹೋಗಬೇಕಿತ್ತು. ಅಲ್ಲಿಯ ಸಮ್ಮೇಳನದಲ್ಲಿ 'ಸಹಜ ಹೆರಿಗೆಯ ಮಹತ್ವ' ಎಂಬ ವಿಷಯದ ಮೇಲೆ ಅವರ ಉಪನ್ಯಾಸವಿತ್ತು. ಎಲ್ಲರಿಗೂ ಗುರುವಾರ ಹೊಂದಿತು.

ರೇಣುವಿಗೆ ಮಾತ್ರ ಹೊಂದಲಿಲ್ಲ.

"ಯಾಕವ್ವಾ, ಏನ್ ಕಾರಣ?" ಎಂದು ಶಿವಪುತ್ರಪ್ಪ ಊಟಕ್ಕೆ ಕೂತಾಗ ಕೇಳಿದರು. ಕೇಳಿದ್ದು ಅಭ್ಯಾಸಬಲದಿಂದ.

"ಕಾರಣ ಏನೂ ಇಲ್ಲಪ್ಪಾ. ನನಗ ಬ್ಯಾಡ. ಎಲ್ಲಾ ಸರಿ ಐತಿ ಅಂತ ಅವರ ಹೇಳ್ತಾರ. ಸರಿ ಇದ್ದದ್ದನ್ನ ಯಾಕ ಕೊಯ್ತಾರ?"

ಶಿವಪುತ್ರಪ್ಪ ತಮ್ಮ ವಹಿಯನ್ನು ಮನಸ್ಸಿನಲ್ಲೇ ಮೊದಲಿನಿಂದ ಕೊನೆಯವರೆಗೆ ತಿರುವಿ ನೋಡಿದರು. 'ಬ್ಯಾಡ' ಎಂಬುದು ಅದರಲ್ಲಿ ಎಲ್ಲೂ ಇರಲಿಲ್ಲ.

ಅವರ ಹೆಂಡತಿ ಪಾರವ್ವ ಪುಣೆಯ ಕನ್ನಡ ಮನೆಗಳಿಗೆಲ್ಲ ಜೋಳದ ರೊಟ್ಟಿ ಮಾಡಿಕೊಡುವವಳು; ಆರು ಹೆಂಗಸರನ್ನು ಇಟ್ಟುಕೊಂಡು ದಿನಕ್ಕೆ ಎಂಟುನೂರು ರೊಟ್ಟಿ ತಟ್ಟಿಸುವವಳು. ತಟ್ಟೆಗೆ ರೊಟ್ಟಿ ಹಾಕಲು ಬಗ್ಗಿದವಳು ಹಾಕದೆ ನಿಂತಳು.

"ಏನ್ರಿ, ಮಂದಿ ಮಕ್ಕಳಿಗೆಲ್ಲಾ ಬರದ್ರಿ. ನಾ ಒಂದು ದಿನ ಕೇಳಲಿಲ್ಲ. ನನ್ನ ಮಗಳ ಹೆಸರಿನ ಮುಂದ ಕಾರಣ ಬರದ್ರ ಈ ಮನ್ಯಾಗ ನಿಮಗ ರೊಟ್ಟಿ ಇಲ್ಲ. ಹೋಟೆಲ್ ಶೆಟ್ಟಿ ಮನಿಗೆ ಹೋಗಿ ಇಡ್ಲಿ ತಿನ್ರಿ."

"ಬರಿಯಾಕ ನಾ ಯಾರಲೇ? ಎಲ್ಲಾ ಮೇಡಂ—"

"ಮೇಡಂ ಕೊಯ್ತಾಳ. ಬರಿಯಾವ್ರು ನೀವ. ಒಟಿಪಿ ಯಾರ ಫೋನಿಗೆ ಬರ್ತದ?"

ಶಿವಪುತ್ರಪ್ಪ ಜೇಬಿನ ಮೊಬೈಲನ್ನು ಮುಟ್ಟಿ ನೋಡಿಕೊಂಡರು. ಆ ರೊಟ್ಟಿ ಅವರ ತಟ್ಟೆಗೆ ಬೀಳಲಿಲ್ಲ.

ಗುರುವಾರ ಬೆಳಿಗ್ಗೆ ಐದಕ್ಕೆ ರೇಣುವಿಗೆ ತಾನಾಗಿಯೇ ಹೆರಿಗೆ ಬೇನೆ ಶುರುವಾಯಿತು. ಆಸ್ಪತ್ರೆಯ ದೃಷ್ಟಿಯಿಂದ ಇದು ಅನಪೇಕ್ಷಿತ ಬೆಳವಣಿಗೆಯಾಗಿತ್ತು. ಎಂಟಕ್ಕೆ ದಾಖಲು ಮಾಡಿಕೊಂಡರು. ಅಂಬಾ ಸಿಸ್ಟರ್ ಬಂದು ನೋಡಿದರು. ಸೊಲ್ಲಾಪುರದವರು, ಮೂವತ್ತು ವರ್ಷ ಸರ್ಕಾರಿ ದವಾಖಾನೆಯಲ್ಲಿ ಹೆರಿಗೆ ಮಾಡಿಸಿ ಬಂದವರು. ಈ ಆಸ್ಪತ್ರೆಯಲ್ಲಿ ಅವರಿಗೆ ಬ್ಯಾಂಡೇಜು ಎಣಿಸುವ ಕೆಲಸ ಕೊಟ್ಟಿದ್ದರು.

"ಕಾಕಾ, ಎಲ್ಲಾ ಏಕದಮ್ ಛಲೋ ಅದ," ಅಂದರು ಹೊರಗೆ ಬಂದು. "ಕೂಸಿನ ಎದಿಬಡಿತ ಗಡಿಯಾರ ಇದ್ದಂಗ ಅದ. ಮೂರು ತಾಸಿನ್ಯಾಗ ತಾನ ಬರ್ತದ. ಬಿಟ್ರ."

"ಬಿಟ್ರ," ಅಂದರು ಶಿವಪುತ್ರಪ್ಪ.

ಅವರು ಜೇಬಿನಿಂದ ಮೊಬೈಲು ತೆಗೆದು ಅಂಬಾ ಸಿಸ್ಟರ್ ಕೈಯಲ್ಲಿಟ್ಟರು. "ಇದು ನಿಮ್ಮ ಹತ್ರ ಇರ್ಲಿ. ನನ್ನ ಮಗಳ ಬಾಜೂ ಬಿಟ್ಟು ಏಳಬ್ಯಾಡ್ರಿ. ಖರೇನ ಕಾರಣ ಬಂತಂದ್ರ ಯಾರನ್ನೂ ಕೇಳಬ್ಯಾಡ್ರಿ, ಒತ್ರಿ, ಒದರ್ರಿ. ಇಲ್ಲಂದ್ರ ಆ ದೇವ್ರು ಬಂದು ಕೇಳಿದ್ರೂ ಕೊಡಬ್ಯಾಡ್ರಿ."

ಆಮೇಲೆ ಕಕ್ಷಕ್ಕೆ ಹೋಗಿ, ಬಿಳಿ ಕಾಗದ ತೆಗೆದುಕೊಂಡು, ಎಡಗಡೆ ಮಾರ್ಜಿನು ಬಿಟ್ಟು, ಒಂದು ಅರ್ಜಿ ಬರೆದರು.

'ಮಾನ್ಯರೆ, ಈ ದಿನ ಕಾರಣ ದಾಖಲಿಸಬೇಕಾಗಿರುವ ಕಡತವು ನನ್ನ ಸ್ವಂತ ಮಗಳದ್ದಾಗಿರುತ್ತದೆ. ರಕ್ತಸಂಬಂಧಿಯ ವಿಷಯದಲ್ಲಿ ನಾನೇ ಕಾರಣ ನಿರ್ಣಯಿಸುವುದು ನ್ಯಾಯದ ತತ್ವಕ್ಕೆ ವಿರುದ್ಧವಾಗಿರುವುದರಿಂದ ಈ ಕಡತದಿಂದ ಹಿಂದೆ ಸರಿಯುತ್ತಿದ್ದೇನೆ. ದಯಮಾಡಿ ಬದಲಿ ಅಧಿಕಾರಿಯನ್ನು ನೇಮಿಸಬೇಕಾಗಿ ಪ್ರಾರ್ಥನೆ.'

ಒಂಬತ್ತು ಗಂಟೆಗೆ ಅರ್ಜಿ ಓದಿದ ಕುಶಲ ಶೆಟ್ಟರು ಕುರ್ಚಿಯಿಂದ ಎದ್ದರು.

"ಎಂತ ಮಾರಾಯ್ರೆ ಇದು? ಹನ್ನೊಂದು ಇಪ್ಪತ್ತಕ್ಕೆ ಥಿಯೇಟರ್ ಇಟ್ಟದ್ದುಂಟು. ಗುರುವಾರ ಅಲ್ಲವಾ, ನೀರು ಕಡಿಮೆ ಅಂತ ಬರೆದು ಮುಗಿಸಿ."

"ನನ್ನ ಕೈಲಿ ಆಗೂದಿಲ್ರಿ. ನಾಳೆ ಕಂಪನ್ಯಾವ್ರು ಬಂದು, ಅಪ್ಪನೇ ಮಗಳಿಗೆ ಕಾರಣ ಬರದಾನ ಅಂದ್ರ ಹಳೇ ಕಡತ ಎಲ್ಲಾ ಬಿಚ್ಚತಾರ. ಮೊದಲಿನ ನಲವತ್ತೆರಡೂ. ಆ ಹರ್ನಿಯಾದಾವನ್ದೂ."

ಶೆಟ್ಟರು ಕೂತರು.

"ಹಾಗಾದ್ರೆ ಬೇರೆಯವರನ್ನು ಹಾಕುವ. ಅಂಬಕ್ಕನನ್ನೇ ಹಾಕಿದ್ರಾಯ್ತು."

"ಹಾಕ್ರಿ. ಖರೆ ನೇಮಕಕ್ಕ ಆಡಳಿತ ಸಭಾ ಆಗಬೇಕು. ಸಭಾಕ್ಕ ನಾಕು ತಾಸು ಮೊದಲ ಲಿಖಿತ ನೋಟೀಸು ಕೊಡಬೇಕು. ನಿಯಮಾವಳಿ, ಹದಿನೇಳನೇ ಕಲಮು."

"ಯಾವ ಬೋಳಿಮಗ ಬರೆದದ್ದು ಆ ಕಲಮನ್ನು?"

"ನಾನರಿ. ಹೋದ ದೀಪಾವಳಿಗೆ. ಸಹಿ ನಿಮ್ಮದು."

ಶೆಟ್ಟರು ತಲೆಗೆ ಕೈ ಹಚ್ಚಿದರು. "ನಿಮಗೆ ಗೊತ್ತುಂಟಾ ಶಿವಪುತ್ರಪ್ಪನವರೇ, ಸಹಜ ಹೆರಿಗೆ ಅಂದ್ರೆ ಎಂತ? ಒಂದು ಬೈಟೂ ಕಾಫಿ ಹೇಳಿ ನಾಲ್ಕು ಗಂಟೆ ಫ್ಯಾಮಿಲಿ ರೂಮಿನಲ್ಲಿ ಕೂತ್ಕೊಳ್ಳುವ ಗಿರಾಕಿ. ಎಬ್ಬಿಸ್ಲಿಕ್ಕೂ ಆಗುದಿಲ್ಲ, ಬಿಲ್ಲೂ ಆಗುದಿಲ್ಲ. ಹಿಂದೆ ಎಂಟು ಜನ ನಿಂತಿರ್ತಾರೆ."

"ಹೌದ್ರಿ."

"ಹೌದು ಅಂದ್ರೆ ಬರೀರಿ ಮತ್ತೆ!"

"ನೋಟೀಸ ಬರಿಲೇನ್ರಿ?"

ಹತ್ತು ಗಂಟೆಗೆ ಮಾಂತು ಬಂದ. "ಮಾಮಾ, ನನ್ನ ರಜಾ ಗುರುವಾರದಿಂದ್ರಿ. ಸಭಾ ಗಿಭಾ ಅಂತ ಕೂಸು ನಾಳೆ ಹುಟ್ಟಿದ್ರ ಒಂದು ರಜಾ ಹಾಳಾಗ್ತದ." ಅವನ ತಾಯಿ ಕೈಗಡಿಯಾರ ನೋಡುತ್ತ, "ಹನ್ನೊಂದು ಇಪ್ಪತ್ತು ದಾಟಿದ್ರ ನಕ್ಷತ್ರ ಕೆಡ್ತದ್ರಿ ಬೀಗರ," ಅಂದರು. ಪಾರವ್ವ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತು, "ಕೂಸಿಗೆ ಹೇಳಿ ಬರ್ತೀನಿ ತಾಳ್ರಿ, ಗಡಿಯಾರ ನೋಡ್ಕೊಂಡು ಬಾ ಅಂತ," ಅಂದಳು. ಒಳಗಿನಿಂದ ರೇಣುವಿನ ಕೂಗು ಕೇಳಿತು. ಶಿವಪುತ್ರಪ್ಪನವರ ಪೆನ್ನು ಕೆಳಗೆ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಕಿವಿಯೆಲ್ಲ ಒಳಗೆ ಅಂಬಾ ಸಿಸ್ಟರ್ ಕೈಯಲ್ಲಿದ್ದ ಮೊಬೈಲಿನ ಕಡೆಗಿತ್ತು. ಅದು ಸದ್ದು ಮಾಡಬಾರದು, ಮಾಡುವ ಹಾಗಿದ್ದರೆ ಬೇಗ ಮಾಡಬೇಕು.

ಹತ್ತೂಕಾಲಿಗೆ ನೀಲಿಮಾ ಮೇಡಂ ಸೂಟ್‌ಕೇಸಿನ ಜೊತೆಗೇ ಬಂದರು. "ಕಾಕಾ, ಇದೇನು ಹಟ? ನನ್ನ ವಿಮಾನ ಇದೆ," ಅಂದರು ಮರಾಠಿಯಲ್ಲಿ.

ಶಿವಪುತ್ರಪ್ಪ ಎದ್ದು ನಿಂತು ಕೈ ಮುಗಿದರು. ಅವರೂ ಮರಾಠಿಯಲ್ಲೇ ಹೇಳಿದರು: "ಮೇಡಂ, ನೀವೇ ಒಮ್ಮೆ ನೋಡಿ. ಇವತ್ತು ವಾರ ನೋಡಬೇಡಿ, ಹುಡುಗಿಯನ್ನು ನೋಡಿ. ಚಾಕಣದ ಆ ಹೆಣ್ಣುಮಗಳಿಗೆ ಇದ್ದಂಥ ಕಾರಣ ಇದ್ದರೆ ಹೇಳಿ. ಮಗಳು ಅನ್ನುವುದಿಲ್ಲ, ಸಭೆ ಅನ್ನುವುದಿಲ್ಲ. ಈ ಕ್ಷಣ ಒತ್ತುತ್ತೇನೆ."

ಮೇಡಂ ಒಳಗೆ ಹೋದರು. ಹತ್ತು ನಿಮಿಷ ಬಿಟ್ಟು ಹೊರಗೆ ಬಂದರು. ಕೈಯನ್ನು ಬಹಳ ಹೊತ್ತು ತೊಳೆದರು. ತೊಳೆದ ಕೈಯನ್ನೇ ಮತ್ತೊಮ್ಮೆ ತೊಳೆದರು.

"ಕಾರಣ... ಇಲ್ಲ," ಅಂದರು. ಆ ಎರಡು ಶಬ್ದ ಒಟ್ಟಿಗೆ ಹೇಳಿ ಎಷ್ಟೋ ವರ್ಷವಾಗಿದ್ದರಿಂದ ನಡುವೆ ನಾಲಿಗೆ ತಡೆಯಿತು. ಆಮೇಲೆ ಶೆಟ್ಟರ ಕಡೆ ತಿರುಗಿ, "ಸಭೆಗೆ ನೋಟೀಸು ಕೊಡಿ. ನಿಯಮದ ಪ್ರಕಾರವೇ ಆಗಲಿ," ಎಂದು ಹೇಳಿ, ಸೂಟ್‌ಕೇಸನ್ನು ಅಲ್ಲೇ ಬಿಟ್ಟು ಮತ್ತೆ ಒಳಗೆ ಹೋದರು.

ನೋಟೀಸು ಹತ್ತೂ ಐವತ್ತಕ್ಕೆ ಅಂಟಿತು. ಸಭೆ ಮಧ್ಯಾಹ್ನ ಎರಡೂ ಐವತ್ತಕ್ಕೆ ನಿಗದಿಯಾಯಿತು. ಮಗು ಹನ್ನೊಂದೂ ಏಳಕ್ಕೆ ಹುಟ್ಟಿತು. ಹೆಣ್ಣು. ಮೂರು ಕಿಲೋ.

ಬೀಗಿತ್ತಿಯ ಮುಹೂರ್ತ ಹನ್ನೊಂದು ಇಪ್ಪತ್ತಕ್ಕೆ ಇದ್ದುದರಿಂದಲೂ ಥಿಯೇಟರಿನ ಬುಕಿಂಗ್ ಅದೇ ಸಮಯಕ್ಕೆ ಇದ್ದುದರಿಂದಲೂ ಜನನದ ಸಮಯವನ್ನು ಹನ್ನೊಂದು ಇಪ್ಪತ್ತು ಎಂದೇ ನಮೂದಿಸಲಾಯಿತು. ನಡುವಿನ ಹದಿಮೂರು ನಿಮಿಷ ಕೂಸು ಅತ್ತದ್ದು ದಾಖಲೆಗಳ ಪ್ರಕಾರ ಗರ್ಭದ ಒಳಗಿನಿಂದ.

ತೊಂದರೆ ಶುರುವಾದದ್ದು ಮಧ್ಯಾಹ್ನ. ಕಡತ ಮುಚ್ಚಲು ಹೋದರೆ ಕಂಪ್ಯೂಟರು ಒಪ್ಪಲಿಲ್ಲ. ಸಿಸೇರಿಯನ್ ಆಗಬೇಕಿದ್ದ ಜಾಗದಲ್ಲಿ ಸಹಜ ಹೆರಿಗೆ ಆಗಿದೆ. ಈ ವ್ಯತ್ಯಾಸಕ್ಕೆ ವೈದ್ಯಕೀಯ ಕಾರಣ ಏನು ಎಂದು ಕೇಳಿತು. ಕಾರಣ ಹಾಕದೆ ರೇಣುವನ್ನು ಮನೆಗೆ ಕಳಿಸುವ ಹಾಗಿರಲಿಲ್ಲ, ಕೂಸಿಗೆ ಜನನ ಪ್ರಮಾಣಪತ್ರ ಕೊಡುವ ಹಾಗೂ ಇರಲಿಲ್ಲ. ಎರಡೂ ಐವತ್ತಕ್ಕೆ ಕರೆದ ಸಭೆ ಹೇಗೂ ಇದ್ದುದರಿಂದ ಅದರಲ್ಲಿ ಇದೇ ವಿಷಯ ತೆಗೆದುಕೊಂಡರು. ಮೇಡಂ ಅವರ ವಿಮಾನ ಆಗಲೇ ಹಾರಿ ಹೋಗಿತ್ತು, ಅವರೂ ಸಭೆಯಲ್ಲಿದ್ದರು.

"ಸಹಜ ಹೆರಿಗೆ ಯಾಕಾಯ್ತು?" ಶೆಟ್ಟರು ಕೇಳಿದರು.

"ಕೂಸು ಒಳಗಿತ್ತು, ಹೊರಗ ಬಂತು," ಅಂದರು ಅಂಬಾ ಸಿಸ್ಟರ್.

"ಅದು ಸಾಲುದಿಲ್ಲ ಮಾರಾಯ್ತಿ."

ಶಿವಪುತ್ರಪ್ಪ ವಹಿಯನ್ನು ಮೂರು ಸಲ ತಿರುವಿದರು. ಕೊಯ್ಯಲು ನೂರಾ ಹದಿನೆಂಟು ಕಾರಣಗಳಿದ್ದವು. ಹಾಗೇ ಬಿಡಲು ಒಂದೂ ಇರಲಿಲ್ಲ. ಮೂವತ್ತೊಂದು ವರ್ಷ ಕಾರಣದ ಬರವನ್ನೇ ಕಾಣದ ಮನುಷ್ಯ ಅರ್ಧ ತಾಸು ಬಿಳಿ ಪರದೆ ನೋಡುತ್ತ ಕೂತರು. ಕೊನೆಗೆ ಎರಡು ಬೆರಳಲ್ಲಿ ನಿಧಾನವಾಗಿ ಟೈಪು ಮಾಡಿದರು:

'ಸಕಾಲದಲ್ಲಿ ಕಾರಣ ಒದಗದೇ ಇದ್ದ ಕಾರಣ ಮಗು ಸಹಜವಾಗಿ ಜನಿಸಿರುತ್ತದೆ.'

ಒಟಿಪಿ ಬಂತು. ಅಂಬಾ ಸಿಸ್ಟರ್ ಓದಿ ಹೇಳಿದರು. ಕಂಪನಿಯ ಮಂಜೂರಾತಿ ಎರಡು ನಿಮಿಷದಲ್ಲಿ ಬಂತು. ಅಷ್ಟು ಬೇಗ ಅದುವರೆಗೆ ಯಾವ ಕಾರಣವೂ ಮಂಜೂರಾಗಿರಲಿಲ್ಲ.

ಕರ್ತವ್ಯದಲ್ಲಿ ವಿಳಂಬ ಮಾಡಿ ಹೆರಿಗೆಗೆ ಎಡೆಮಾಡಿಕೊಟ್ಟ ಬಗ್ಗೆ ಮರುದಿನ ಶಿವಪುತ್ರಪ್ಪನವರಿಗೆ ಮೆಮೊ ಬಂತು. ಉತ್ತರ ಬರೆಯಲು ಏಳು ದಿನ ಕೇಳಿ ಅವರು ಅರ್ಜಿ ಕೊಟ್ಟರು. ಅದರ ಮೇಲೆ ಮತ್ತೆ ಏಳು ದಿನ ಕೇಳಿದರು. ಅಷ್ಟರಲ್ಲಿ ಸುದ್ದಿ ಹಿಂಜವಾಡಿಯ ಫ್ಲಾಟುಗಳಲ್ಲೆಲ್ಲ ಹಬ್ಬಿತ್ತು. ಒಂದು ದಿನ ಕಾರಣ ಕಕ್ಷದ ಮುಂದೆ ಒಬ್ಬ ತುಂಬು ಬಸುರಿ ಬಂದು ನಿಂತಳು. ಬೆಂಗಳೂರು ಕಡೆಯವಳು, ಹೆಸರು ಯಶ್ಮಿತಾ.

"ಅಂಕಲ್, ನಿಮ್ಮ ಮಗಳಿಗೆ ಮಾಡಿದ್ರಂತಲ್ಲ, ಲೇಟು. ಅದು ನಂಗೂ ಮಾಡ್ಕೊಡ್ತೀರಾ?"

ಅವಳ ಹಿಂದೆ ಇನ್ನೂ ಮೂವರಿದ್ದರು. ಶೆಟ್ಟರು ತಮ್ಮ ಖೋಲಿಯ ಗಾಜಿನಿಂದ ಇದನ್ನು ನೋಡಿದರು. ಹದಿನಾಲ್ಕು ವರ್ಷ ಹೋಟೆಲು ನಡೆಸಿದವರಿಗೆ, ಮೆನುವಿನಲ್ಲಿ ಇಲ್ಲದ ತಿಂಡಿಯನ್ನು ನಾಲ್ಕು ಜನ ಕೇಳಿದರೆ ಏನು ಮಾಡಬೇಕೆಂದು ಹೇಳಿಕೊಡಬೇಕಾಗಿರಲಿಲ್ಲ. ಮೆಮೊ ಹಿಂದಕ್ಕೆ ಪಡೆದರು. ತಿಂಗಳೊಳಗೆ ಮುಂಬಾಗಿಲಲ್ಲಿ ಪ್ರಕಟಣೆ ಬಿತ್ತು:

'ನಮ್ಮಲ್ಲಿ ಈಗ ವಿಳಂಬ ಸೌಲಭ್ಯ ಲಭ್ಯ. ವಿಳಂಬ ಬಯಸುವವರು ಏಳನೇ ತಿಂಗಳ ಒಳಗೆ ಹೆಸರು ನೋಂದಾಯಿಸತಕ್ಕದ್ದು. ವಿಳಂಬದ ಅವಧಿಯಲ್ಲಿ ಅನುಭವಿ ಸಿಸ್ಟರ್ ಪಕ್ಕದಲ್ಲಿ ಕುಳಿತಿರುತ್ತಾರೆ. ನಿಜವಾದ ಕಾರಣ ಕಂಡುಬಂದಲ್ಲಿ ವಿಳಂಬವನ್ನು ಕೂಡಲೇ ರದ್ದುಪಡಿಸಲಾಗುವುದು. ಏನನ್ನೂ ಮಾಡದೇ ಇರಲು ಹೆಚ್ಚು ಸಿಬ್ಬಂದಿ ಬೇಕಾಗುವುದರಿಂದ ಈ ಸೌಲಭ್ಯದ ದರವು ಆಪರೇಷನ್ನಿಗಿಂತ ತುಸು ಹೆಚ್ಚಿರುತ್ತದೆ.'

ದರ ಹೆಚ್ಚಾಯಿತೆಂದು ಯಾರೂ ತಕರಾರು ಮಾಡಲಿಲ್ಲ. ಒಳ್ಳೆಯದಕ್ಕೆ ಬೆಲೆ ಇದ್ದೇ ಇರುತ್ತದೆ ಎಂದು ಎಲ್ಲರೂ ಒಪ್ಪಿದರು. ಅಂಬಾ ಸಿಸ್ಟರ್ ಬ್ಯಾಂಡೇಜು ಎಣಿಸುವುದನ್ನು ಬಿಟ್ಟು ಪಕ್ಕದಲ್ಲಿ ಕುಳಿತುಕೊಳ್ಳುವ ಹುದ್ದೆಗೆ ಬಡ್ತಿ ಪಡೆದರು. ಮೇಡಂ ಮುಂದಿನ ಸಮ್ಮೇಳನದಲ್ಲಿ ತಮ್ಮ ಸಂಶೋಧನೆಯ ಫಲವಾಗಿ ರೂಪುಗೊಂಡ ವಿಳಂಬ ಪದ್ಧತಿಯ ಬಗ್ಗೆ ಉಪನ್ಯಾಸ ಕೊಟ್ಟರು. ಮಾಂತುವಿನ ತಾಯಿ ಮೊಮ್ಮಗಳ ಜಾತಕ ಬರೆಸಿಕೊಂಡು ಬಂದು, ಹನ್ನೊಂದು ಇಪ್ಪತ್ತರ ನಕ್ಷತ್ರ ಬಹಳ ಚೆನ್ನಾಗಿದೆ ಎಂದು ತೋರಿಸಿದರು.

ಮೆಟ್ಟಿಲ ಕೆಳಗಿನ ಖೋಲಿಯ ಹಲಗೆ ಈಗ ಬದಲಾಗಿದೆ: 'ವಿಳಂಬ ಅಧಿಕಾರಿ'. ಶಿವಪುತ್ರಪ್ಪ ಬೆಳಿಗ್ಗೆ ಒಂಬತ್ತಕ್ಕೆ ಬಂದು, ಪೆನ್ನಿನ ಮುಚ್ಚಳ ತೆಗೆಯದೆ ಮೇಜಿನ ಮೇಲಿಟ್ಟು, ಕೂರುತ್ತಾರೆ. ಸಂಜೆ ಮನೆಗೆ ಹೋದಾಗ ರೇಣು ಕೂಸಿಗೆ ಎಣ್ಣೆ ಹಚ್ಚುತ್ತಿರುತ್ತಾಳೆ. ಪಾರವ್ವ ತಟ್ಟೆ ಇಟ್ಟು ಕೇಳುತ್ತಾಳೆ:

"ಇವತ್ತ ಏನ್ ಮಾಡಿದ್ರಿ?"

"ಏನೂ ಮಾಡಲಿಲ್ಲ. ನಾಕು ಹೆರಿಗಿ ಆದ್ವು."

"ಛಲೋ ಆತು ಬಿಡ್ರಿ. ದಣದೀರಿ," ಎಂದು ಅವಳು ಇನ್ನೊಂದು ರೊಟ್ಟಿ ಹಾಕುತ್ತಾಳೆ.